ನಗೆಯಲ್ಲಿಯೂ ಸುಳ್ಳಾಡದ ಚಾವುಂಡರಾಯ

ಶ್ರವಣಬೆಳಗೊಳದ ವಿಂಧ್ಯಗಿರಿಯನ್ನೇರಿ ಭಗವಾನ್ ಬಾಹುಬಲಿಯ ದರ್ಶನ ಪಡೆಯದ ಶ್ರಾವಕ ಕುಟುಂಬಗಳು ನಮ್ಮ ಮಸ್ಕಿ, ಸಿಂಧನೂರು, ಲಿಂಗಸುಗೂರುಗಳ ಭಾಗದಲ್ಲಿ ವಿರಳ. ಸುಮಾರು 58 ಅಡಿ ಎತ್ತರದ ಆ ಮೂರ್ತಿಯನ್ನು ಮಾಡಿಸಿದವನು ಚಾವುಂಡರಾಯನೆಂಬುದನ್ನು ನಮ್ಮ ಮಕ್ಕಳೂ ಬಲ್ಲರು. ಆದರೆ ಆತನು ಎಂತಹ ಮನುಷ್ಯನಾಗಿದ್ದನೆಂಬುದನ್ನು ಅವರಿಗೆ ಹೇಳಿಕೊಡುವವರು ಕಡಿಮೆ. ಜಿನಬಿಂಬ ಪ್ರತಿಷ್ಠೆಯ ಈ ಮಂಗಲ ಸಂದರ್ಭದಲ್ಲಿ ಆ ಮಹಾಪುರುಷನ ಜೀವನವನ್ನು ಮಕ್ಕಳ ಹಿತದೃಷ್ಟಿಯಿಂದ ಸ್ಮರಿಸುವುದು ಉಚಿತವೆಂದು ಭಾವಿಸಿದ್ದೇನೆ.

ಚಾವುಂಡರಾಯನು ಬ್ರಹ್ಮಕ್ಷತ್ರ ಕುಲದಲ್ಲಿ ಜನಿಸಿದವನು. ತಾಯಿ ಕಾಳಲಾದೇವಿ ಪರಮ ಜಿನಭಕ್ತೆ. ಗಂಗರ ದೊರೆ ಇಮ್ಮಡಿ ಮಾರಸಿಂಹನಲ್ಲಿಯೂ ಆತನ ತರುವಾಯ ಪಟ್ಟಕ್ಕೆ ಬಂದ ರಾಚಮಲ್ಲನಲ್ಲಿಯೂ ಮಂತ್ರಿಯಾಗಿ, ದಂಡನಾಯಕನಾಗಿ ಸೇವೆ ಸಲ್ಲಿಸಿದನು. ಅಜಿತಸೇನಾಚಾರ್ಯರು ಆತನ ಗುರುಗಳು. ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳು ಗೊಮ್ಮಟಸಾರವನ್ನು ರಚಿಸಿದ್ದು ಆತನಿಗಾಗಿಯೇ. ಖೇಡಗದ ಯುದ್ಧದಲ್ಲಿ ವಜ್ಜಳದೇವನನ್ನು ಗೆದ್ದು ಸಮರಧುರಂಧರನೆನಿಸಿದನು; ಗೋನೂರ ಬಯಲಿನಲ್ಲಿ ನೊಳಂಬರೊಡನೆ ಕಾದಿ ವೀರಮಾರ್ತಂಡನಾದನು; ಉಚ್ಚಂಗಿಯ ಕೋಟೆಯಲ್ಲಿ ರಣರಂಗಸಿಂಗನೆಂಬ ಬಿರುದನ್ನು ಪಡೆದನು. ಇಂತಹ ಬಿರುದುಗಳು ಆ ಕಾಲದ ಅನೇಕ ವೀರರಿಗಿದ್ದವು. ಆದುದರಿಂದ ಅವುಗಳನ್ನು ವಿಸ್ತರಿಸಲು ಹೋಗುವುದಿಲ್ಲ.

ಕ್ರಿ. ಶ. 978ರಲ್ಲಿ ಆತನು 63 ಶಲಾಕಾಪುರುಷರ ಚರಿತ್ರೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಅದೇ ಚಾವುಂಡರಾಯ ಪುರಾಣ. ತನ್ನ ಬಿರುದುಗಳು ಯಾವ ಯಾವ ಕಾರಣದಿಂದ ಬಂದವೆಂಬುದನ್ನು ಅದರಲ್ಲಿ ತಿಳಿಸಿದ್ದಾನೆ. ಕತ್ತಿಯಿಂದ ಬಂದ ಬಿರುದುಗಳ ಜೊತೆಯಲ್ಲಿ ಶೀಲದಿಂದ ಬಂದ ಬಿರುದುಗಳೂ ಅಲ್ಲಿವೆ. ಪರಧನ, ಪರಸ್ತ್ರೀಯರಲ್ಲಿ ನಿರಾಸಕ್ತನಾದುದರಿಂದ ಶೌಚಾಭರಣ. ಪರಿಹಾಸ್ಯಕ್ಕಾಗಿಯೂ ಅಸತ್ಯವನ್ನು ನುಡಿಯದಿದ್ದುದರಿಂದ ಸತ್ಯಯುಧಿಷ್ಠಿರ.

ಸತ್ಯಯುಧಿಷ್ಠಿರನೆಂದಾಗ ಚುರುಕಾದ ಮಗುವೊಂದು, ಧರ್ಮರಾಯನೂ ಅಶ್ವತ್ಥಾಮನ ವಿಷಯದಲ್ಲಿ ಅರ್ಧ ಸುಳ್ಳು ಹೇಳಲಿಲ್ಲವೇ ಎಂದು ಕೇಳದೆ ಇರದು. ಕೇಳಲಿ, ಒಳ್ಳೆಯದೇ. ಅಲ್ಲಿ ರಾಜ್ಯವೇ ಪಣವಾಗಿತ್ತು. ಚಾವುಂಡರಾಯನ ಬಿರುದಿಗೆ ಕಾರಣವಾದುದು ಯಾವ ಲಾಭನಷ್ಟವೂ ಇಲ್ಲದ ವಿನೋದದ ಮಾತು. ದೊಡ್ಡ ಪರೀಕ್ಷೆ ಬಾಳಿನಲ್ಲಿ ಒಮ್ಮೆ ಬಂದೀತು. ವಿನೋದದ ಮಾತು ದಿನಕ್ಕೆ ಹತ್ತು ಬಾರಿ ಬರುತ್ತದೆ.

ಇದು ಆತನೇ ಕಲ್ಪಿಸಿಕೊಂಡ ನಿಯಮವಲ್ಲ. ಸತ್ಯವ್ರತವು ಸ್ಥಿರವಾಗಬೇಕಾದರೆ ಕ್ರೋಧ, ಲೋಭ, ಭಯ, ಹಾಸ್ಯ ಈ ನಾಲ್ಕನ್ನೂ ಬಿಟ್ಟು, ವಿಚಾರಮಾಡಿ ಮಾತನಾಡಬೇಕೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ವಿಧಿಸಿದ್ದಾರೆ. ದಶಲಕ್ಷಣ ಪರ್ವದಲ್ಲಿ ನಾವೆಲ್ಲರೂ ಇದನ್ನು ಕೇಳುತ್ತೇವೆ. ಮಕ್ಕಳ ಸುಳ್ಳಿಗೆ ಈ ನಾಲ್ಕೇ ಬಾಗಿಲುಗಳೆಂದು ನನಗೆ ತೋರುತ್ತದೆ. ಅದರಲ್ಲಿಯೂ ಭಯದ ಬಾಗಿಲನ್ನು ತೆರೆಯುವವರು ತಂದೆತಾಯಿಗಳಾದ ನಾವೇ. ಎಣ್ಣೆಯ ಗಡಿಗೆ ಒಡೆದ ಮಗು ನಿಜ ಹೇಳಿ ಏಟು ತಿಂದರೆ, ಮರುದಿನ ಬೆಕ್ಕಿನ ಮೇಲೆ ಹೇಳುತ್ತದೆ. ಬಾಕಿ ಕೇಳಲು ಬಂದವನಿಗೆ ಅಪ್ಪ ಊರಲ್ಲಿಲ್ಲವೆಂದು ಹೇಳಿ ಬಾ ಎಂದು ಕಳುಹಿಸಿದ ಮಗುವಿಗೆ ಸಂಜೆ ಬಸದಿಯಲ್ಲಿ ಸತ್ಯಾಣುವ್ರತದ ಪಾಠ ಹೇಳಿಸಿ ಏನು ಫಲ? ಸಂತೆಯ ಹೆಸರನ್ನೇ ಹೊತ್ತ ಸಂತೆಕಲ್ಲೂರಿನ ವ್ಯಾಪಾರಸ್ಥ ಬಂಧುಗಳಿಗೆ ಇನ್ನೊಂದು ಮಾತು. ಹೆಚ್ಚು ಕಡಿಮೆ ತೂಕ ಅಳತೆ, ಕಲಬೆರಕೆ ಇವುಗಳನ್ನು ಅದೇ ಸೂತ್ರಗ್ರಂಥವು ಅಚೌರ್ಯವ್ರತದ ಅತಿಚಾರಗಳೆಂದು ಎಣಿಸಿದೆ. ಸುಳ್ಳು ಬರಹವನ್ನೂ ಇಟ್ಟ ಒತ್ತೆಯನ್ನು ಅಪಹರಿಸುವುದನ್ನೂ ಸತ್ಯವ್ರತದ ಅತಿಚಾರಗಳಲ್ಲಿ ಸೇರಿಸಿದೆ. ಅಂಗಡಿಯ ಗಲ್ಲೆಯ ಪಕ್ಕದಲ್ಲಿ ಕುಳಿತ ಮಗನು ತಕ್ಕಡಿಯನ್ನೂ ನೋಡುತ್ತಿರುತ್ತಾನೆ, ತಂದೆಯ ಕೈಯನ್ನೂ ನೋಡುತ್ತಿರುತ್ತಾನೆ.

ಚಾವುಂಡರಾಯನ ಮಗ ಜಿನದೇವಣ. ತಂದೆಗೆ ಗುರುಗಳಾಗಿದ್ದ ಅಜಿತಸೇನಾಚಾರ್ಯರೇ ಮಗನಿಗೂ ಗುರುಗಳು. ಆತನು ಬೆಳಗೊಳದಲ್ಲಿ ಜಿನಾಲಯವನ್ನು ಮಾಡಿಸಿದನೆಂದು ಚಂದ್ರಗಿರಿಯ ಚಾವುಂಡರಾಯ ಬಸದಿಯ ಮೇಲಂತಸ್ತಿನ ಪಾರ್ಶ್ವನಾಥ ಬಿಂಬದ ಪೀಠದ ಬರಹವು ತಿಳಿಸುತ್ತದೆ. ಮನೆಯಲ್ಲಿ ಕಂಡ ನಡತೆಗೂ ಗುರುಗಳಲ್ಲಿ ಕೇಳಿದ ಉಪದೇಶಕ್ಕೂ ಆ ಬಾಲಕನಿಗೆ ವ್ಯತ್ಯಾಸ ತೋರಿರಲಾರದು.

ವಿಂಧ್ಯಗಿರಿಯ ತ್ಯಾಗದ ಬ್ರಹ್ಮದೇವರ ಕಂಬದಲ್ಲಿ ಚಾವುಂಡರಾಯನ ಪರಾಕ್ರಮವನ್ನು ಹೇಳುವ ಶಾಸನವಿತ್ತು. ಮುಂದೆ ಹೆಗ್ಗಡೆ ಕಣ್ಣನೆಂಬವನು ತನ್ನ ಎರಡೂವರೆ ಸಾಲನ್ನು ಕೆತ್ತಿಸುವುದಕ್ಕಾಗಿ ಅದರ ಮೂರು ಮುಖಗಳನ್ನು ಅಳಿಸಿಹಾಕಿಸಿದನೆಂದು ಶಾಸನತಜ್ಞರು ಹೇಳುತ್ತಾರೆ. ಉಳಿದುದು ಒಂದೇ ಮುಖ. ಆದರೆ ಗೊಮ್ಮಟಸ್ವಾಮಿಯ ಪಾದದ ಬಳಿಯ ಬರಹಕ್ಕೆ ಯಾರೂ ಕೈಹಚ್ಚಲಿಲ್ಲ. ಕನ್ನಡ, ತಮಿಳು, ಮರಾಠಿ ಭಾಷೆಗಳಲ್ಲಿರುವ ಆ ಬರಹದಲ್ಲಿ ಸಮರಧುರಂಧರನೂ ಇಲ್ಲ, ವೀರಮಾರ್ತಂಡನೂ ಇಲ್ಲ. ಚಾವುಂಡರಾಯನು ಮಾಡಿಸಿದನೆಂದು ಮಾತ್ರ ಇದೆ.