ಮ್ಯಾಕ್ಸ್‌ವೆಲ್ ಮಾತನ್ನು ಒಪ್ಪದ ಎಡ್ವಿನ್ ಹಾಲ್

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ರಸ್ತೆಗಳಲ್ಲೂ ಈಗ ಎಲೆಕ್ಟ್ರಿಕ್ ಸ್ಕೂಟರ್ ಓಡಾಡ್ತಿವೆ. ಎಕ್ಸಲರೇಟರ್ ಎಷ್ಟು ತಿರುಗಿತು ಅಂತ ಮೋಟಾರಿಗೆ ತಿಳಿಸೋದು ಸಾಮಾನ್ಯವಾಗಿ ಹಿಡಿಕೆಯೊಳಗಿನ ಹಾಲ್ ಸೆನ್ಸರ್. ಈ ಹಾಲ್ ಯಾರು ಅಂದರೆ ಇಂಜಿನಿಯರಿಂಗ್ ಓದಿದ ನಮ್ಮಂಥವರೇ ತಡವರಿಸ್ತೀವಿ.

ಎಡ್ವಿನ್ ಹಾಲ್ ಹುಟ್ಟಿದ್ದು 1855ರಲ್ಲಿ, ಅಮೆರಿಕದ ಮೇನ್ ರಾಜ್ಯದಲ್ಲಿ. ಡಿಗ್ರಿ ಮುಗಿಸಿ ಎರಡು ವರ್ಷ ಶಾಲೆ ನಡೆಸಿದರು. 1877ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಮ್ಯಾಕ್ಸ್‌ವೆಲ್‌ರ ಗ್ರಂಥ ಓದುವಾಗ ಒಂದು ಕಡೆ ತಡೆದು ನಿಂತರು. ಅಯಸ್ಕಾಂತ ತಳ್ಳುವುದು ತಂತಿಯನ್ನು, ಅದರೊಳಗಿನ ಕರೆಂಟನ್ನಲ್ಲ ಎಂಬುದು ಮ್ಯಾಕ್ಸ್‌ವೆಲ್ ನಿಲುವು. ವಿದ್ಯುತ್ತಿನ ವಿಷಯದಲ್ಲಿ ಆಗ ಮ್ಯಾಕ್ಸ್‌ವೆಲ್ ಅಂದರೆ ಸುಪ್ರೀಂ ಕೋರ್ಟ್ ಇದ್ದಂಗೆ. ಆದರೆ ಕರೆಂಟ್ ಇಲ್ಲದ ತಂತಿಯನ್ನು ಅಯಸ್ಕಾಂತ ತಳ್ಳೋದೇ ಇಲ್ಲವಲ್ಲ, ಅದು ಹೇಗೆ ಅನ್ನೋದು ಹಾಲ್ ಪ್ರಶ್ನೆ.

ಗೈಡ್ ಹೆನ್ರಿ ರೋಲೆಂಡ್ ಬಳಿ ಹೋದರು. ಅವರಿಗೂ ಇದೇ ಅನುಮಾನವಿತ್ತು, ಪ್ರಯೋಗ ಮಾಡಿ ಸೋತಿದ್ದರು. ನಾನೇ ಮಾಡಿ ಆಗಲಿಲ್ಲ, ನೀನೇನು ಮಾಡ್ತೀಯ ಎನ್ನುವ ಗೈಡುಗಳು ನಮಗೆಲ್ಲ ಗೊತ್ತು. ರೋಲೆಂಡ್ ಹಾಗನ್ನದೆ ಕೆಲಸ ಮುಂದುವರಿಸಲು ಬಿಟ್ಟರು. ಹಾಲ್ ಮೊದಲು ಸುರುಳಿ ತಂತಿಯನ್ನು ಅಯಸ್ಕಾಂತದ ನಡುವೆ ಇಟ್ಟು ಅಳೆದೇ ಅಳೆದರು. ಏನೂ ಸಿಗಲಿಲ್ಲ. ಕೊನೆಗೆ 1879ರ ಅಕ್ಟೋಬರ್‌ನಲ್ಲಿ ಗಾಜಿನ ಮೇಲೆ ತೆಳ್ಳನೆ ಚಿನ್ನದ ಹಾಳೆ ಅಂಟಿಸಿ, ಕರೆಂಟಿಗೆ ಅಡ್ಡಲಾಗಿ ಗ್ಯಾಲ್ವನೋಮೀಟರ್ ಜೋಡಿಸಿದಾಗ ಮುಳ್ಳು ಅಲುಗಿತು. ಕರೆಂಟ್ ಒಂದು ಬದಿಗೆ ಒತ್ತಲ್ಪಡುತ್ತಿತ್ತು. ಎಲೆಕ್ಟ್ರಾನ್ ಪತ್ತೆಯಾಗಲು ಇನ್ನೂ 18 ವರ್ಷವಿತ್ತು. ಮ್ಯಾಕ್ಸ್‌ವೆಲ್ ಅದೇ ನವೆಂಬರ್ 5ರಂದು ತೀರಿಕೊಂಡರು.

ಹಾಲ್ ಅಷ್ಟಕ್ಕೇ ನಿಲ್ಲಲಿಲ್ಲ. ಕಬ್ಬಿಣದಲ್ಲಿ ಪರಿಣಾಮ ಚಿನ್ನಕ್ಕಿಂತ ತುಂಬಾ ದೊಡ್ಡದು, ದಿಕ್ಕೂ ಉಲ್ಟಾ. ತಾನೇ ಅಯಸ್ಕಾಂತವಾಗಬಲ್ಲ ಲೋಹದ ಈ ವರ್ತನೆಗೆ ಅಸಹಜ ಹಾಲ್ ಪರಿಣಾಮ ಎಂಬ ಹೆಸರು ಬಂತು. ಸರಿಯಾದ ವಿವರಣೆಗೆ 20ನೇ ಶತಮಾನದ ಕ್ವಾಂಟಂ ಸಿದ್ಧಾಂತ ಬೇಕಾಯಿತು.

1881ರಲ್ಲಿ ಹಾರ್ವರ್ಡ್ ಸೇರಿದ ಹಾಲ್, 1921ರಲ್ಲಿ ನಿವೃತ್ತರಾದರು. ಅಲ್ಲಿ ಅವರು ಮಾಡಿದ ಇನ್ನೊಂದು ಕೆಲಸ ನನಗೆ ಇನ್ನೂ ದೊಡ್ಡದಾಗಿ ಕಾಣುತ್ತೆ: ಹೈಸ್ಕೂಲ್ ಮಕ್ಕಳು ಸ್ವಂತ ಕೈಯಿಂದ ಮಾಡಬೇಕಾದ 40 ಭೌತಶಾಸ್ತ್ರ ಪ್ರಯೋಗಗಳ ಪಟ್ಟಿ. ಹಾರ್ವರ್ಡ್ ಪ್ರವೇಶಕ್ಕೇ ಅದನ್ನು ಜೋಡಿಸಲಾಯಿತು. ಹಿಂದಿನ ಬ್ಯಾಚಿನ ರೀಡಿಂಗ್ ನಕಲು ಮಾಡಿ ರೆಕಾರ್ಡ್ ಬುಕ್ ತುಂಬಿಸೋ ನಮ್ಮ ಪದ್ಧತಿ ನೋಡಿದ್ದರೆ ಏನನ್ನುತ್ತಿದ್ದರೋ.

1938ರಲ್ಲಿ ಹಾಲ್ ತೀರಿಕೊಂಡರು. ಕಬ್ಬಿಣದ ಆ ಕಥೆ ಈಗ ಟೊಪೊಲಾಜಿಕಲ್ ಇನ್ಸುಲೇಟರ್‌ಗೆ ಬಂದು ನಿಂತಿದೆ. ಇದರ ಒಳಗೆ ಕರೆಂಟ್ ಹರಿಯಲ್ಲ, ಮೇಲ್ಮೈಯಲ್ಲಿ ಮಾತ್ರ ಹರಿಯುತ್ತೆ. 2013ರಲ್ಲಿ ಚೀನಾದ ಸಂಶೋಧಕರು ಇದಕ್ಕೆ ಕ್ರೋಮಿಯಂ ಬೆರೆಸಿ, ಹೊರಗಿನ ಅಯಸ್ಕಾಂತವಿಲ್ಲದೆ ಕ್ವಾಂಟಂ ಮಟ್ಟದ ಹಾಲ್ ಪರಿಣಾಮ ತೋರಿಸಿದರು. ಆದರೆ ಬೆರೆಸಿದರೆ ಹರಳು ಕಲಬೆರಕೆಯಾಗುತ್ತೆ. ಅದೇ ವರ್ಷ ಎಂಐಟಿಯಲ್ಲಿ ಭಾರತ ಮೂಲದ ಜಗದೀಶ್ ಮೂಡೇರ ಅವರ ತಂಡ ಬಿಸ್ಮತ್ ಸೆಲೆನೈಡ್‌ಗೆ ಯೂರೋಪಿಯಂ ಸಲ್ಫೈಡ್‌ನ ಪದರ ತಾಗಿಸಿತು. ಸಲ್ಫೈಡ್ ಅಯಸ್ಕಾಂತವಾಗುತ್ತೆ, ಆದರೆ ಕರೆಂಟ್ ಹರಿಸಲ್ಲ. ಬರೀ ನೆರೆಹೊರೆಯ ಪ್ರಭಾವದಿಂದಲೇ ಪಕ್ಕದ ಮೇಲ್ಮೈಗೆ ಕಾಂತಗುಣ ಬಂದಿತ್ತು, ಅಲ್ಲಿ ಕರೆಂಟ್ ಹರಿಯುವ ರೀತಿಯೂ ಬದಲಾಗಿತ್ತು. ಈ ಪ್ರಭಾವ ಎಷ್ಟು ಬಿಸಿಯವರೆಗೆ ಉಳಿಯುತ್ತೆ ಅನ್ನೋ ಜಗಳ ಇನ್ನೂ ನಡೀತಿದೆ.