ಹಿಮದ ಹಾದಿಯ ತೇನ್‌ಸಿಂಗ್

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು ೧೯೩೦ ಮೀಟರು. ಪಾಂಡವಪುರದ ಕುಂತಿಬೆಟ್ಟವನ್ನು ಹತ್ತಿ ಏದುಸಿರು ಬಿಟ್ಟವರಿಗೆ ಅದೇ ಮಹಾ ಎತ್ತರವೆನಿಸೀತು. ಎವರೆಸ್ಟ್ ಶಿಖರವಾದರೋ ೮೮೪೮ ಮೀಟರು. ನಾಲ್ಕು ಮುಳ್ಳಯ್ಯನಗಿರಿಗಳನ್ನು ಒಂದರ ಮೇಲೊಂದು ಪೇರಿಸಿದರೂ ಅದಕ್ಕೆ ಸಾಲದು. ಅಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕ ಸಮುದ್ರಮಟ್ಟದಲ್ಲಿ ದೊರೆಯುವುದರ ಮೂರರಲ್ಲೊಂದು ಪಾಲು ಮಾತ್ರ. ಅಂತಹ ಶಿಖರವನ್ನು ಮೊದಲು ಮೆಟ್ಟಿದ ಇಬ್ಬರಲ್ಲಿ ತೇನ್‌ಸಿಂಗ್ ನೋರ್ಗೆ ಒಬ್ಬನೆಂಬುದನ್ನು ಲೋಕವೆಲ್ಲ ಬಲ್ಲದು. ಅದಕ್ಕೆ ಮುನ್ನ ಅವನು ಎಷ್ಟು ಸಲ ಅರ್ಧದಾರಿಯಿಂದ ಹಿಂದಿರುಗಿದ್ದನೆಂಬುದನ್ನು ಬಲ್ಲವರು ಕಡಿಮೆ.

ತೇನ್‌ಸಿಂಗ್ ಹುಟ್ಟಿದ್ದು ೧೯೧೪ರಲ್ಲಿ, ಚಮರೀಮೃಗಗಳನ್ನು ಸಾಕುತ್ತಿದ್ದ ಬಡ ಕುಟುಂಬದಲ್ಲಿ. ಬಾಲ್ಯ ಕಳೆದದ್ದು ಎವರೆಸ್ಟಿನ ತಪ್ಪಲಿನ ಶೆರ್ಪಾ ಜನರ ನಡುವೆ. ಅವನಿಗೆ ಶಾಲೆಯ ಭಾಗ್ಯವಿರಲಿಲ್ಲ. ಓದುಬರಹ ಬಾರದಿದ್ದರೂ ಮುಂದೆ ಹಲವು ಭಾಷೆಗಳಲ್ಲಿ ಮಾತನಾಡಲು ಕಲಿತನು. ಹದಿಹರೆಯದಲ್ಲಿ ಮನೆ ಬಿಟ್ಟು ಡಾರ್ಜಿಲಿಂಗನ್ನು ಸೇರಿದನು. ಪರ್ವತಾರೋಹಿಗಳ ತಂಡಗಳು ಹೊರಡುತ್ತಿದ್ದ ಊರು ಅದು. ೧೯೩೫ರಲ್ಲಿ ಎರಿಕ್ ಶಿಪ್ಟನ್ ಎಂಬಾತ ತನ್ನ ಎವರೆಸ್ಟ್ ತಂಡಕ್ಕೆ ಹೊರೆಯಾಳುಗಳನ್ನು ಆರಿಸುವಾಗ ಈ ನಗುಮೊಗದ ತರುಣನನ್ನೂ ಸೇರಿಸಿಕೊಂಡನು. ೧೯೩೬ರಲ್ಲಿ, ಮತ್ತೆ ೧೯೩೮ರಲ್ಲಿ ತೇನ್‌ಸಿಂಗ್ ಅದೇ ಶಿಖರದೆಡೆಗೆ ಹೊರೆ ಹೊತ್ತು ನಡೆದನು. ಯಾವ ತಂಡವೂ ತುದಿ ಮುಟ್ಟಲಿಲ್ಲ.

ಹಿಮದ ನೆಲದಲ್ಲಿ ಸಾವು ಒಂದೇ ರೂಪದಲ್ಲಿ ಬರುವುದಿಲ್ಲ. ಮೇಲೆ ಸಮತಟ್ಟಾಗಿ ಕಾಣುವ ಹಿಮದ ಕೆಳಗೆ ಆಳವಾದ ಬಿರುಕು ಬಾಯ್ದೆರೆದಿರುತ್ತದೆ. ಬೆಳಗ್ಗೆ ಗಟ್ಟಿಯಾಗಿದ್ದ ಇಳಿಜಾರು ಬಿಸಿಲೇರಿದ ಮೇಲೆ ಕುಸಿದು ಬೀಳಬಹುದು. ಚಳಿಗೆ ಮರಗಟ್ಟಿದ ಬೆರಳು ನೋವನ್ನೇ ತೋರದೆ ಸತ್ತುಹೋಗುತ್ತದೆ. ಸುತ್ತಲೂ ಹಿಮವಿದ್ದರೂ ಕುಡಿಯಲು ನೀರಿಲ್ಲ. ಒಲೆ ಹೊತ್ತಿಸಿ ಕರಗಿಸಿಕೊಳ್ಳಬೇಕು. ಅವಸರದಿಂದ ಏರಿದವನಿಗೆ ತಲೆನೋವು, ವಾಂತಿ, ಕೊನೆಗೆ ಬುದ್ಧಿಭ್ರಮಣೆ. ತೇನ್‌ಸಿಂಗ್ ಇದನ್ನೆಲ್ಲ ಹೊರೆಯ ಕೆಳಗೆ ಬಾಗಿ ನಡೆಯುತ್ತಲೇ ಕಲಿತನು.

೧೯೫೦ರ ಚಳಿಗಾಲದ ಮೊದಲಲ್ಲಿ ಮೂವರು ಬ್ರಿಟಿಷ್ ತರುಣರು ನಂಗಾ ಪರ್ಬತದ ಕಡೆಗೆ ಹೊರಟರು. ತೇನ್‌ಸಿಂಗ್ ಅವರ ಜೊತೆಗಿದ್ದನು. ಆ ಪರ್ವತ ಅದಾಗಲೇ ಅನೇಕರನ್ನು ನುಂಗಿತ್ತು. ಚಳಿ ದಿನದಿನಕ್ಕೆ ಏರುವುದನ್ನು ಕಂಡು ತೇನ್‌ಸಿಂಗನೂ ಅವನ ಸಂಗಡಿಗರೂ ಮೇಲೇರಲು ಒಪ್ಪಲಿಲ್ಲ. ಕೂಲಿಗೆ ಬಂದ ಆಳು ಧಣಿಗೆ ಬರಲಾರೆನೆಂದು ಹೇಳುವುದು ಸುಲಭವೇ? ಅದಕ್ಕೆ ಬೇಕಾದ ಎದೆಗಾರಿಕೆ ಶಿಖರವೇರುವ ಎದೆಗಾರಿಕೆಗಿಂತ ಕಡಿಮೆಯದೇನಲ್ಲ. ಆ ಮೂವರು ತಾವೇ ಮುಂದುವರಿದರು. ಒಬ್ಬನು ಚಳಿಯಿಂದ ಕೆಟ್ಟ ಕಾಲುಗಳೊಡನೆ ಹಿಂದಿರುಗಿದನು. ಉಳಿದಿಬ್ಬರು ಬಿರುಗಾಳಿಯಲ್ಲಿ ಕಣ್ಮರೆಯಾದರು. ಮರುವರ್ಷ ನಂದಾದೇವಿಯ ಎರಡು ಶಿಖರಗಳ ನಡುವಿನ ಏಣಿನಲ್ಲಿ ಇಬ್ಬರು ಫ್ರೆಂಚ್ ಆರೋಹಿಗಳು ಕಾಣೆಯಾದಾಗ, ಅವರನ್ನು ಅರಸುತ್ತ ಪೂರ್ವ ಶಿಖರವನ್ನೇರಿದವನೂ ಇದೇ ತೇನ್‌ಸಿಂಗ್. ಅವರ ಸುಳಿವು ಸಿಗಲಿಲ್ಲ.

೧೯೫೨ರ ಮೇ ತಿಂಗಳಲ್ಲಿ ಸ್ವಿಟ್ಜರ್ಲೆಂಡಿನ ರೇಮಂಡ್ ಲ್ಯಾಂಬರ್ಟನೊಡನೆ ಅವನು ಎವರೆಸ್ಟಿನ ಭುಜದ ಮೇಲೆ ಒಂದು ರಾತ್ರಿ ಕಳೆದನು. ಹಿಂದೆಯೇ ಹಿಮದ ಪಾಲಾಗಿ ಲ್ಯಾಂಬರ್ಟನ ಕಾಲ್ಬೆರಳುಗಳು ಹೋಗಿದ್ದವು. ಆ ರಾತ್ರಿ ಅವರಿಗೆ ಒಲೆಯಿಲ್ಲ, ಮಲಗುವ ಚೀಲವಿಲ್ಲ. ಮೇಣದ ಬತ್ತಿಯ ಉರಿಯಲ್ಲಿ ಹಿಮವನ್ನು ಕರಗಿಸಿ ಗುಟುಕು ನೀರು ಕುಡಿದರು. ನಿದ್ರೆ ಬಂದರೆ ಮರಗಟ್ಟಿಯೇವೆಂದು ಒಬ್ಬರನ್ನೊಬ್ಬರು ತಟ್ಟಿ ಉಜ್ಜುತ್ತ ಬೆಳಗು ಮಾಡಿದರು. ಮರುದಿನ ಸುಮಾರು ೮೫೯೫ ಮೀಟರಿನವರೆಗೆ ಏರಿದರು. ಶಿಖರ ಇನ್ನು ೨೫೦ ಮೀಟರು ಮಾತ್ರ. ಆದರೆ ತುದಿ ಮುಟ್ಟಿದರೆ ಇಳಿದು ಬರುವಷ್ಟು ಶಕ್ತಿ ಉಳಿಯದೆಂದು ಇಬ್ಬರಿಗೂ ತಿಳಿಯಿತು. ಹೆಚ್ಚು ಮಾತಿಲ್ಲದೆ ಹಿಂದಿರುಗಿದರು.

ಮರುವರ್ಷ ಜಾನ್ ಹಂಟ್ ನಾಯಕತ್ವದ ತಂಡದಲ್ಲಿ ತೇನ್‌ಸಿಂಗ್ ಏಳನೆಯ ಬಾರಿ ಎವರೆಸ್ಟಿಗೆ ಬಂದನು. ಕೆಳಗಿನ ಹಿಮಪ್ರವಾಹದಲ್ಲಿ ಒಂದು ದಿನ ಎಡ್ಮಂಡ್ ಹಿಲರಿ ಜಿಗಿದ ಹಿಮಗಡ್ಡೆ ಮುರಿದು, ಅವನು ಬಿರುಕಿನೊಳಕ್ಕೆ ಜಾರಿದನು. ಹಿಂದಿದ್ದ ತೇನ್‌ಸಿಂಗ್ ಕಣ್ಣು ಮಿಟುಕಿಸುವಷ್ಟರಲ್ಲಿ ಕೊಡಲಿಯನ್ನು ಹಿಮಕ್ಕೆ ನಾಟಿ, ಅದಕ್ಕೆ ಹಗ್ಗ ಸುತ್ತಿ ಬಿಗಿಹಿಡಿದನು. ಹಿಲರಿ ಬದುಕಿದನು. ಕೊನೆಯ ಏರಿಕೆಯ ಬೆಳಗ್ಗೆ ಹಿಲರಿಯ ಪಾದರಕ್ಷೆಗಳು ಕಲ್ಲಿನಂತೆ ಹೆಪ್ಪುಗಟ್ಟಿದ್ದವು. ಅವನ್ನು ಒಲೆಯ ಮೇಲೆ ಹಿಡಿದು ಸಡಿಲಿಸುವುದಕ್ಕೆ ಬಹಳ ಹೊತ್ತು ಹಿಡಿಯಿತು. ತೇನ್‌ಸಿಂಗ್ ತನ್ನವನ್ನು ಕಳಚದೆಯೇ ಮಲಗಿದ್ದನು. ಹಿಂದಿನ ವರ್ಷ ಬಾಯಾರಿಕೆಯ ಕಷ್ಟವನ್ನುಂಡಿದ್ದ ಅವನಿಗೆ ಈ ಬಾರಿ ಹಿಮ ಕರಗಿಸಲು ಒಲೆಯಿತ್ತು. ಹೊರಡುವ ಮೊದಲು ಇಬ್ಬರೂ ಸಾಕಷ್ಟು ಕುಡಿದರು. ದಾರಿಯಲ್ಲಿ ತೇನ್‌ಸಿಂಗನ ಉಸಿರಾಟದ ಕೊಳವೆಯಲ್ಲಿ ಮಂಜು ಕಟ್ಟಿದಾಗ ಹಿಲರಿ ಅದನ್ನು ಬಿಡಿಸಿದನು. ೧೯೫೩ರ ಮೇ ೨೯ರಂದು ಬೆಳಗಿನ ಹನ್ನೊಂದೂವರೆಗೆ ಇಬ್ಬರೂ ಶಿಖರದ ಮೇಲಿದ್ದರು. ಲ್ಯಾಂಬರ್ಟ್ ಕೊಟ್ಟಿದ್ದ ಕೆಂಪು ವಸ್ತ್ರ ತೇನ್‌ಸಿಂಗನ ಕೊರಳಲ್ಲಿತ್ತು. ಅವನು ಹಿಮದಲ್ಲಿ ಒಂದಿಷ್ಟು ಸಿಹಿತಿನಿಸನ್ನು ದೇವರಿಗೆ ಅರ್ಪಿಸಿದನು. ಅಲ್ಲಿ ನಿಂತದ್ದು ಹದಿನೈದು ನಿಮಿಷ. ಇಬ್ಬರಲ್ಲಿ ಮೊದಲು ಕಾಲಿಟ್ಟವರು ಯಾರೆಂದು ಜಗತ್ತು ಬಹುಕಾಲ ಜಗಳವಾಡಿತು. ಒಂದೇ ಹಗ್ಗಕ್ಕೆ ಕಟ್ಟಿಕೊಂಡವರಿಗೆ ಆ ಪ್ರಶ್ನೆಯೇ ಅರ್ಥವಿಲ್ಲದ್ದಾಗಿತ್ತು.

೧೯೫೪ರ ನವೆಂಬರಿನಲ್ಲಿ ಡಾರ್ಜಿಲಿಂಗಿನಲ್ಲಿ ಹಿಮಾಲಯ ಪರ್ವತಾರೋಹಣ ಸಂಸ್ಥೆ ಸ್ಥಾಪನೆಯಾಯಿತು. ನೆಹರೂ ಅವರ ಆಸಕ್ತಿಯಿಂದ ಬೆಳೆದ ಆ ಸಂಸ್ಥೆಯ ಕ್ಷೇತ್ರ ತರಬೇತಿಯ ಮೊದಲ ನಿರ್ದೇಶಕನಾಗಿ ತೇನ್‌ಸಿಂಗ್ ನೇಮಕಗೊಂಡನು. ಆ ಕೆಲಸಕ್ಕೆಂದು ಅವನು ಸ್ವಿಟ್ಜರ್ಲೆಂಡಿಗೆ ಹೋಗಿ, ಎವರೆಸ್ಟನ್ನು ಏರಿದ ಮೇಲೂ ವಿದ್ಯಾರ್ಥಿಯಾಗಿ ತರಬೇತಿ ಪಡೆದು ಬಂದನು. ಹಗ್ಗದ ಗಂಟು, ಜಾರಿದಾಗ ಕೊಡಲಿಯಿಂದ ದೇಹವನ್ನು ತಡೆಯುವ ಬಗೆ, ಹಿಮದಲ್ಲಿ ಮೆಟ್ಟಿಲು ಕಡಿಯುವ ರೀತಿ, ಎತ್ತರಕ್ಕೆ ಮೈ ಒಗ್ಗುವವರೆಗೆ ಕಾಯುವ ತಾಳ್ಮೆ, ಇವೆಲ್ಲ ಅಲ್ಲಿನ ಪಾಠಗಳಾದವು. ಎರಡು ದಶಕಗಳಿಗೂ ಹೆಚ್ಚು ಕಾಲ ಅವನು ಆ ಕೆಲಸದಲ್ಲಿದ್ದನು. ೧೯೮೬ರ ಮೇ ೯ರಂದು ಡಾರ್ಜಿಲಿಂಗಿನಲ್ಲಿ ಮರಣ ಹೊಂದಿದನು.

ತನ್ನ ಮಕ್ಕಳು ಎವರೆಸ್ಟಿಗೆ ಹೋಗುವುದು ಅವನಿಗೆ ಇಷ್ಟವಿರಲಿಲ್ಲ. ಆದರೂ ಮಗ ಜಾಮ್‌ಲಿಂಗ್ ೧೯೯೬ರಲ್ಲಿ ಒಂದು ಚಲನಚಿತ್ರ ತಂಡದೊಡನೆ ಹೊರಟನು. ಮೇ ತಿಂಗಳ ಮೊದಲ ಭಾಗದಲ್ಲಿ ಗಾಳಿಯ ಲಕ್ಷಣ ಸರಿಯಿಲ್ಲವೆಂದು ಆ ತಂಡ ಅರ್ಧ ಎತ್ತರದಿಂದ ಕೆಳಗಿಳಿಯಿತು. ಇಳಿಯುವಾಗ ಮೇಲೇರುತ್ತಿದ್ದ ಬೇರೆ ತಂಡದವರು ಎದುರಾದರು. ಮೇ ೧೦ರ ಬಿರುಗಾಳಿಯಲ್ಲಿ ಆ ಪರ್ವತದ ಮೇಲೆ ಎಂಟು ಜನ ಸತ್ತರು. ಜಾಮ್‌ಲಿಂಗನ ತಂಡದವರು ಬದುಕುಳಿದವರನ್ನು ಕೆಳಗಿಳಿಸಲು ನೆರವಾದರು, ಗಾಳಿ ಇಳಿಯುವವರೆಗೆ ಕಾದರು. ಮೇ ೨೩ರಂದು ಜಾಮ್‌ಲಿಂಗ್ ತಂದೆ ನಿಂತಿದ್ದ ತಾಣವನ್ನು ತಲಪಿದನು.