ಥ್ರೆಡ್‌ಗೆ ಲೆಕ್ಕ ಕೊಟ್ಟ ಜೋಸೆಫ್ ವಿಟ್ವರ್ತ್

ಹಾಸ್ಟೆಲಿನಲ್ಲಿ ನಾವು ನಾಲ್ಕು ಜನ ಸೇರಿ ಒಂದು ಸೆಕೆಂಡ್ ಹ್ಯಾಂಡ್ ಗೇರ್ ಸೈಕಲ್ ಇಟ್ಕೊಂಡಿದ್ದೀವಿ. ಕಳೆದ ಸೆಮಿಸ್ಟರ್‌ನಲ್ಲಿ ಜೋಗಿಮಟ್ಟಿ ಏರು ಹತ್ತುವಾಗ ಅದರ ಪೆಡಲ್ ಹತ್ತಿರ ಕಟಕಟ ಅಂತ ಸದ್ದು ಶುರುವಾಯ್ತು. ತೊಂದರೆ ಇದ್ದಿದ್ದು ಬಾಟಮ್ ಬ್ರಾಕೆಟ್‌ನಲ್ಲಿ. ಎರಡು ಕ್ರ್ಯಾಂಕ್‌ಗಳ ನಡುವೆ, ಫ್ರೇಮಿನ ಹೊಟ್ಟೆಯೊಳಗೆ ಕೂತು ತಿರುಗುವ ಬೇರಿಂಗ್ ಭಾಗ ಅದು. ಎರಡನೇ ವರ್ಷದ ಮೆಕ್ಯಾನಿಕಲ್‌ನವರು ನಾವು, ಇದನ್ನ ಬಿಚ್ಚೋದು ಏನು ಮಹಾ ಅಂದುಕೊಂಡ್ವಿ.

ಒಳಗೆ 20 ಹಲ್ಲು ಇರೋ ಕಾರ್ಟ್ರಿಜ್ ಬಾಟಮ್ ಬ್ರಾಕೆಟ್ ಅದು. ಅದಕ್ಕೆ ಸರಿಯಾದ ಟೂಲ್ ತರಿಸಿದ್ವಿ. ಟೂಲ್ ಸರಿಯಾಗೇ ಕೂತಿತು. ಆದರೆ ಚೈನ್ ಇರೋ ಬಲಗಡೆಯನ್ನ ಎಲ್ಲ ಬೋಲ್ಟ್ ಬಿಚ್ಚೋ ಹಾಗೆ ಎಡಕ್ಕೆ ತಿರುಗಿಸಿದ್ವಿ. ಬರಲಿಲ್ಲ. ಸ್ಪ್ಯಾನರಿಗೆ ಒಂದು ಪೈಪ್ ಸಿಕ್ಕಿಸಿ ಇಬ್ಬರು ಒತ್ತಿದ್ವಿ. ಟೂಲ್ ಜಾರಿ ಎರಡು ಹಲ್ಲು ಕಿತ್ತುಹೋಯ್ತು. ಒಬ್ಬನ ಬೆರಳಿನ ಗೆಣ್ಣು ಚೈನ್ ವೀಲ್‌ಗೆ ಬಡಿದು ರಕ್ತ ಬಂತು.

ಮರುದಿನ ಸೈಕಲ್ ತಳ್ಳಿಕೊಂಡು ಬಂದು ಪೇಟೆಯ ಒಂದು ಸೈಕಲ್ ಶಾಪಿಗೆ ಹೋದ್ವಿ. ಶಾಪಿನ ಅಣ್ಣ ಬೈಯಲಿಲ್ಲ. ನಮ್ಮದೇ ಟೂಲನ್ನ ಕೂರಿಸಿ, ಅದು ಜಾರದ ಹಾಗೆ ಕ್ರ್ಯಾಂಕಿನ ಬೋಲ್ಟು ಮತ್ತು ಒಂದು ದಪ್ಪ ವಾಷರ್‌ನಿಂದ ಬಿಗಿದು, ಬಲಕ್ಕೆ ತಿರುಗಿಸಿದರು. ಟಕ್ ಅಂತ ಬಿಟ್ಕೊಳ್ತು. ಬಲಗಡೆಯದು ಉಲ್ಟಾ ಥ್ರೆಡ್ ಅಂತ ಆಗ ಗೊತ್ತಾಯ್ತು. ಪೆಡಲ್ ತುಳಿಯುವಾಗ ಬೇರಿಂಗ್ ಆ ಕಪ್ಪನ್ನ ಆಕ್ಸಲ್‌ನ ವಿರುದ್ಧ ದಿಕ್ಕಿಗೆ ನಿಧಾನವಾಗಿ ಎಳೀತಾ ಇರುತ್ತೆ. ಸಾಮಾನ್ಯ ಥ್ರೆಡ್ ಇದ್ದಿದ್ದರೆ ದಾರಿಯಲ್ಲೇ ಸಡಿಲ ಆಗ್ತಿತ್ತು. ಉಲ್ಟಾ ಇರೋದರಿಂದ ಬಿಗಿ ಆಗುತ್ತೆ.

ಹೊಸ ಬಾಟಮ್ ಬ್ರಾಕೆಟ್ ಇನ್ನೊಂದು ಕಂಪನಿಯದ್ದು. ಆದರೂ ಅದು ನಮ್ಮ ಫ್ರೇಮಿಗೆ ಕೈಯಲ್ಲೇ ತಿರುಗಿ ಒಳಗೆ ಹೋಯ್ತು. 1.37 ಇಂಚು ವ್ಯಾಸ, ಇಂಚಿಗೆ 24 ಥ್ರೆಡ್. ಎಲ್ಲೋ ತಯಾರಾದ ಫ್ರೇಮು, ಇನ್ನೆಲ್ಲೋ ತಯಾರಾದ ಬೇರಿಂಗು, ಚಿತ್ರದುರ್ಗದ ಒಂದು ಶಾಪಲ್ಲಿ ಸೇರಿಕೊಂಡವು. ಇದನ್ನ ಮೊದಲು ಸಾಧ್ಯ ಮಾಡಿದ್ದು ಯಾರು ಅಂತ ಹುಡುಕಿದಾಗ ಸಿಕ್ಕ ಹೆಸರೇ ಜೋಸೆಫ್ ವಿಟ್ವರ್ತ್.

ವಿಟ್ವರ್ತ್ ಹುಟ್ಟಿದ್ದು 1803ರ ಡಿಸೆಂಬರ್ 21ರಂದು, ಇಂಗ್ಲೆಂಡಿನ ಸ್ಟಾಕ್‌ಪೋರ್ಟ್‌ನಲ್ಲಿ. ಅಪ್ಪ ಶಾಲಾ ಮೇಷ್ಟ್ರು, ಆಮೇಲೆ ಚರ್ಚಿನ ಪಾದ್ರಿಯಾದರು. ಹುಡುಗನಿಗೆ 14 ವರ್ಷ ಆದಾಗ ಡರ್ಬಿಶೈರ್‌ನಲ್ಲಿದ್ದ ಮಾವನ ಹತ್ತಿ ಗಿರಣಿಗೆ ಕೆಲಸ ಕಲಿಯೋಕೆ ಕಳಿಸಿದರು. ಮುಂದೆ ಅವನು ಗಿರಣಿ ನೋಡಿಕೊಳ್ತಾನೆ ಅನ್ನೋದು ಮನೆಯವರ ಆಸೆ. ಅವನಿಗೆ ಹತ್ತಿಗಿಂತ ಹತ್ತಿ ನೂಲುವ ಯಂತ್ರಗಳ ಮೇಲೆ ಕಣ್ಣು. ನಾಲ್ಕು ವರ್ಷದಲ್ಲಿ ಅಲ್ಲಿನ ಯಂತ್ರಗಳನ್ನೆಲ್ಲ ಅರ್ಥ ಮಾಡಿಕೊಂಡು, ಅವು ಎಷ್ಟು ಒರಟಾಗಿ ತಯಾರಾಗಿವೆ ಅನ್ನೋದನ್ನೂ ಕಂಡುಕೊಂಡ. ಆಮೇಲೆ ಗಿರಣಿ ಬಿಟ್ಟು ಮ್ಯಾಂಚೆಸ್ಟರಿಗೆ ಹೋಗಿ ಸಾಮಾನ್ಯ ಮೆಕ್ಯಾನಿಕ್ ಆಗಿ ಸೇರಿದ. ಮನೆಯವರು ತೋರಿಸಿದ ಬ್ರಾಂಚ್ ಬಿಟ್ಟು ತನಗೆ ಬೇಕಾದ್ದು ಹಿಡಿದ ಅಂತ ನಮ್ಮ ಭಾಷೆಯಲ್ಲಿ ಹೇಳಬಹುದು.

1825ರಲ್ಲಿ ಮದುವೆಯಾಯ್ತು. ಅದೇ ಹೊತ್ತಿಗೆ ಲಂಡನ್ನಿಗೆ ಹೋಗಿ ಹೆನ್ರಿ ಮಾಡ್ಸ್‌ಲೆ ಅವರ ವರ್ಕ್‌ಶಾಪ್ ಸೇರಿದರು. ಲೇಥ್ ಬಗ್ಗೆ ಓದಿದವರಿಗೆ ಮಾಡ್ಸ್‌ಲೆ ಹೆಸರು ಗೊತ್ತಿರುತ್ತೆ. ನಂತರ ಜೋಸೆಫ್ ಕ್ಲೆಮೆಂಟ್ ಅವರ ಹತ್ತಿರವೂ ಕೆಲಸ ಮಾಡಿದರು. ಕಂಪ್ಯೂಟರ್ ಸೈನ್ಸ್ ಗೆಳೆಯರು ಗಮನಿಸಬೇಕು: ಚಾರ್ಲ್ಸ್ ಬ್ಯಾಬೇಜ್ ಅವರ ಡಿಫರೆನ್ಸ್ ಇಂಜಿನ್ನಿನ ಭಾಗಗಳು ತಯಾರಾಗ್ತಿದ್ದಿದ್ದು ಈ ಕ್ಲೆಮೆಂಟ್ ವರ್ಕ್‌ಶಾಪಿನಲ್ಲೇ.

1833ರಲ್ಲಿ ಮ್ಯಾಂಚೆಸ್ಟರಿಗೆ ವಾಪಸ್ ಬಂದು, ಉಗಿಯಂತ್ರದ ಶಕ್ತಿ ಸಿಗುವ ಒಂದು ಕೋಣೆ ಬಾಡಿಗೆ ಹಿಡಿದು, ತಾನು ಲಂಡನ್ನಿಂದ ಬಂದ ಟೂಲ್ ಮೇಕರ್ ಅಂತ ಬೋರ್ಡ್ ಹಾಕಿದರು. ಅವರಿಗಾಗ 30ರ ಹತ್ತಿರ ವಯಸ್ಸು. ಕೈಯಲ್ಲಿ ಡಿಗ್ರಿ ಇರಲಿಲ್ಲ, ಹದಿನೈದು ವರ್ಷ ಕಬ್ಬಿಣ ಮುಟ್ಟಿದ ಅನುಭವ ಇತ್ತು.

ಅವರು ಮೊದಲು ಹಿಡಿದ ಪ್ರಶ್ನೆ ತುಂಬ ಸರಳ: ಸಮತಟ್ಟಾದ ಲೋಹದ ತಟ್ಟೆ ಮಾಡೋದು ಹೇಗೆ? ನಮ್ಮ ವರ್ಕ್‌ಶಾಪಿನ ಸರ್ಫೇಸ್ ಪ್ಲೇಟ್ ಮೇಲೆ ನಾವು ಜಾಬ್ ಇಟ್ಟು ಮಾರ್ಕಿಂಗ್ ಮಾಡ್ತೀವಿ. ಆ ಪ್ಲೇಟ್ ಸಮ ಇದೆ ಅಂತ ಹೇಳಿದ್ದು ಯಾವ ಪ್ಲೇಟ್? ಎರಡು ತಟ್ಟೆಗಳನ್ನ ಒಂದಕ್ಕೊಂದು ಉಜ್ಜಿದರೆ ಸಾಲದು. ಒಂದು ಉಬ್ಬಿ, ಇನ್ನೊಂದು ತಗ್ಗಿದ್ದರೂ ಅವೆರಡು ಚೆನ್ನಾಗೇ ಹೊಂದಿಕೊಳ್ತವೆ. ಅದಕ್ಕೆ ಮೂರು ತಟ್ಟೆ ಬೇಕು. ಮೊದಲನೆಯದು ಎರಡನೆಯದಕ್ಕೆ, ಎರಡನೆಯದು ಮೂರನೆಯದಕ್ಕೆ, ಮೂರನೆಯದು ಮತ್ತೆ ಮೊದಲನೆಯದಕ್ಕೆ ಪೂರ್ತಿ ಹೊಂದಬೇಕಾದರೆ ಮೂರೂ ಸಮತಟ್ಟಾಗಿಯೇ ಇರಬೇಕು, ಬೇರೆ ದಾರಿ ಇಲ್ಲ. ಬಣ್ಣ ಹಚ್ಚಿ, ತಾಗಿದ ಉಬ್ಬನ್ನ ಮಾತ್ರ ಹೆರೆದು ತೆಗೆಯುವ ವಿಧಾನವನ್ನ ವಿಟ್ವರ್ತ್ ಪಕ್ಕಾ ಮಾಡಿ, 1840ರಲ್ಲಿ ಗ್ಲಾಸ್ಗೋ ಸಭೆಯಲ್ಲಿ ಪ್ರಬಂಧ ಓದಿದರು.

ಮುಂದಿನ ವರ್ಷ, 1841ರಲ್ಲಿ, ಥ್ರೆಡ್‌ಗೆ ಕೈ ಹಾಕಿದರು. ಆಗ ಒಂದೊಂದು ವರ್ಕ್‌ಶಾಪಿಗೂ ಅದರದ್ದೇ ಥ್ರೆಡ್. ಒಂದು ಊರಿನ ಬೋಲ್ಟಿಗೆ ಇನ್ನೊಂದು ಊರಿನ ನಟ್ ಹತ್ತುತ್ತಿರಲಿಲ್ಲ. ನಮ್ಮ ದುರ್ಗದ ಕೋಟೆಯ ಗೋಡೆ ನೋಡಿ. ಗಾರೆ ಇಲ್ಲದೆ ಕಲ್ಲಿನ ಮೇಲೆ ಕಲ್ಲು ಎಷ್ಟು ಬಿಗಿಯಾಗಿ ಕೂತಿದೆ! ಆದರೆ ಆ ಕಲ್ಲನ್ನ ಕೆತ್ತಿದ್ದು ಪಕ್ಕದ ಕಲ್ಲಿಗೆ ಸರಿಯಾಗಿ. ಅದನ್ನ ತೆಗೆದು ಬೇರೆ ಕಡೆ ಇಟ್ಟರೆ ಕೂರಲ್ಲ. ಆ ಕಾಲದ ಯಂತ್ರಗಳೂ ಹೀಗೇ ಇದ್ದವು. ಬೋಲ್ಟ್ ಮುರಿದರೆ, ಮಾಡಿದವನ ಹತ್ತಿರವೇ ಹೋಗಬೇಕಿತ್ತು.

ವಿಟ್ವರ್ತ್ ಎಲ್ಲರೂ ನನ್ನ ಥ್ರೆಡ್ಡೇ ಬಳಸಿ ಅಂತ ಹಟ ಹಿಡಿಯಲಿಲ್ಲ. ದೇಶದ ಬೇರೆ ಬೇರೆ ವರ್ಕ್‌ಶಾಪ್‌ಗಳಿಂದ ಬೋಲ್ಟು, ಸ್ಕ್ರೂಗಳನ್ನ ಸಂಗ್ರಹಿಸಿದರು. ಅಳೆದು ಸರಾಸರಿ ತೆಗೆದರು. ಥ್ರೆಡ್‌ನ ಕೋನ 55 ಡಿಗ್ರಿ ಅಂತ ನಿಲ್ಲಿಸಿದರು. ಪ್ರತಿ ವ್ಯಾಸಕ್ಕೂ ಇಂಚಿಗೆ ಎಷ್ಟು ಥ್ರೆಡ್ ಅಂತ ಪಟ್ಟಿ ಮಾಡಿದರು: ಕಾಲು ಇಂಚಿಗೆ 20, ಅರ್ಧ ಇಂಚಿಗೆ 12, ಒಂದು ಇಂಚಿಗೆ 8. ಎಲ್ಲರಿಂದಲೂ ಸ್ವಲ್ಪ ಸ್ವಲ್ಪ ತಗೊಂಡಿದ್ದರಿಂದ ಎಲ್ಲರೂ ಒಪ್ಪೋಕೆ ಸುಲಭವಾಯ್ತು. ರೈಲ್ವೆ ಕಂಪನಿಗಳು ಈ ಪಟ್ಟಿಯನ್ನ ಹಿಡಿದವು. 1850ರ ದಶಕದ ಕ್ರಿಮಿಯನ್ ಯುದ್ಧದಲ್ಲಿ ಬ್ರಿಟನ್ನಿಗೆ ಗನ್‌ಬೋಟ್‌ಗಳಿಗೆ 90 ಇಂಜಿನ್ ಅವಸರವಾಗಿ ಬೇಕಾದಾಗ, ಭಾಗಗಳನ್ನ ಬೇರೆ ಬೇರೆ ವರ್ಕ್‌ಶಾಪ್‌ಗಳಿಗೆ ಹಂಚಿ ಮಾಡಿಸಿ ಜೋಡಿಸೋಕೆ ಆಗಿದ್ದು ಈ ಒಂದೇ ಅಳತೆಯಿಂದ.

1851ರ ಲಂಡನ್ ಮಹಾ ಪ್ರದರ್ಶನದಲ್ಲಿ ಅವರ ಲೇಥ್, ಪ್ಲೇನಿಂಗ್ ಯಂತ್ರಗಳ ಜೊತೆ ಇಂಚಿನ 10 ಲಕ್ಷದಲ್ಲಿ ಒಂದು ಭಾಗದ ವ್ಯತ್ಯಾಸ ಗುರುತಿಸುವ ಅಳತೆ ಯಂತ್ರವೂ ಇತ್ತು. ಅದೂ ಸ್ಕ್ರೂ ಥ್ರೆಡ್ಡಿನ ಆಧಾರದ ಮೇಲೇ ಕೆಲಸ ಮಾಡುತ್ತಿತ್ತು. ಲ್ಯಾಬಿನಲ್ಲಿ ನಾವು ಮೈಕ್ರೋಮೀಟರ್ ರೀಡಿಂಗ್ ಪಕ್ಕದವರ ರೆಕಾರ್ಡಿನಿಂದ ಕಾಪಿ ಹೊಡೆಯುವಾಗ ಇದನ್ನ ಒಮ್ಮೆ ನೆನೆಸ್ಕೊಂಡರೆ ನಾಚಿಕೆ ಆಗುತ್ತೆ.

ಇಷ್ಟೇ ಬರೆದು ಬಿಟ್ಟರೆ ಅವರನ್ನ ದೇವರು ಮಾಡಿದ ಹಾಗಾಗುತ್ತೆ. ಇದೇ ನಿಖರತೆಯನ್ನ ಅವರು ಬಂದೂಕಿಗೂ ತಂದರು. ಷಟ್ಕೋನದ ಕೊಳವೆಯ ವಿಟ್ವರ್ತ್ ರೈಫಲ್ ದೂರದ ಗುರಿಗೆ ಹೆಸರಾಯ್ತು. 1860ರಲ್ಲಿ ವಿಂಬಲ್ಡನ್‌ನಲ್ಲಿ ವಿಕ್ಟೋರಿಯಾ ರಾಣಿ ಅದರಿಂದಲೇ ಮೊದಲ ಗುಂಡು ಹಾರಿಸಿ ಸ್ಪರ್ಧೆ ಉದ್ಘಾಟಿಸಿದರು. ಬ್ರಿಟಿಷ್ ಸೇನೆ ಅದನ್ನ ತನ್ನ ಸಾಮಾನ್ಯ ಬಂದೂಕಾಗಿ ತಗೊಳ್ಳಲಿಲ್ಲ. ಅಮೆರಿಕದ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಉಳಿಸೋಕೆ ಹೊರಟ ದಕ್ಷಿಣದ ಸೈನ್ಯದ ಗುರಿಕಾರರ ಕೈಗೆ ಅದು ಸೇರಿತು. ಫಿರಂಗಿ ವಿಷಯದಲ್ಲಿ ಆರ್ಮ್‌ಸ್ಟ್ರಾಂಗ್ ಜೊತೆ ವರ್ಷಗಟ್ಟಲೆ ಪೈಪೋಟಿ ನಡೆಸಿದರು. ವಿಚಿತ್ರ ಅಂದರೆ, ಇಬ್ಬರೂ ಬೇರೆ ಬೇರೆ ಕಟ್ಟಿದ ಕಂಪನಿಗಳು ವಿಟ್ವರ್ತ್ ಸತ್ತ ಮೇಲೆ, 1897ರಲ್ಲಿ, ಒಂದಾದವು. ಸರಿಯಾದ ಅಳತೆ ಯಾವ ಕೆಲಸಕ್ಕೆ ಬಳಕೆಯಾಗುತ್ತೆ ಅನ್ನೋದನ್ನ ಅಳತೆ ತಾನೇ ತೀರ್ಮಾನ ಮಾಡಲ್ಲ. ಅದನ್ನ ನಾವೇ ಕೇಳಿಕೊಳ್ಳಬೇಕು.

ನಮಗೆ ಹೆಚ್ಚು ಹಿಡಿಸಿದ್ದು 1868ರಲ್ಲಿ ಅವರು ಮಾಡಿದ ಕೆಲಸ. ಯುವ ಇಂಜಿನಿಯರುಗಳಿಗೆ ವರ್ಷಕ್ಕೆ 3000 ಪೌಂಡ್ ಸ್ಕಾಲರ್‌ಶಿಪ್ ಇಟ್ಟರು. ಒಬ್ಬೊಬ್ಬರಿಗೆ 100 ಪೌಂಡಿನಂತೆ 30 ಜನರಿಗೆ. ಪರೀಕ್ಷೆಯಲ್ಲಿ ಗಣಿತ, ವಿಜ್ಞಾನ ಬರೆದರೆ ಸಾಕಾಗುತ್ತಿರಲಿಲ್ಲ, ಅರ ಹಿಡಿದು, ಲೇಥ್ ನಡೆಸಿ ಕೈಕೆಲಸವನ್ನೂ ತೋರಿಸಬೇಕಿತ್ತು. ಬೆಂಚಿನ ಮುಂದೆ ನಿಂತು ದುಡಿಯುವ ಹುಡುಗನಿಗೆ ಪುಸ್ತಕ ಸಿಗಬೇಕು, ಪುಸ್ತಕ ಓದುವ ಹುಡುಗನಿಗೆ ಕೈಗೆ ಮಸಿ ಹತ್ತಬೇಕು ಅನ್ನೋದು ಅದರ ಲೆಕ್ಕ. ಆ ಪರೀಕ್ಷೆಗೆ ನಮ್ಮನ್ನೂ ಸೈಕಲ್ ಶಾಪಿನ ಅಣ್ಣನನ್ನೂ ಕೂರಿಸಿದ್ದರೆ, ನಮಗೆ ಬರೆಯೋದರಲ್ಲಿ ಒಂದಷ್ಟು ಮಾರ್ಕ್ಸ್ ಬರ್ತಿತ್ತು, ಕೈಕೆಲಸದಲ್ಲಿ ಅವರೇ ಮೇಲೆ. ಅವರಿಗೆ ಓದೋ ಅವಕಾಶ ಸಿಕ್ಕಿರಲಿಲ್ಲ, ನಮಗೆ ಸಿಕ್ಕ ವರ್ಕ್‌ಶಾಪ್ ಕ್ಲಾಸಲ್ಲಿ ನಾವು ಅಟೆಂಡೆನ್ಸ್ ಹಾಕಿಸಿಕೊಂಡು ಕ್ಯಾಂಟೀನಿಗೆ ಹೋಗ್ತಿದ್ವಿ.

1869ರಲ್ಲಿ ಅವರಿಗೆ ಬ್ಯಾರೊನೆಟ್ ಪದವಿ ಬಂತು. ಮೊದಲ ಹೆಂಡತಿ ತೀರಿಕೊಂಡ ಮೇಲೆ 1871ರಲ್ಲಿ ಮತ್ತೆ ಮದುವೆಯಾದರು. ಮಕ್ಕಳಿರಲಿಲ್ಲ. 1887ರ ಜನವರಿ 22ರಂದು ಮಾಂಟೆ ಕಾರ್ಲೊದಲ್ಲಿ ತೀರಿಕೊಂಡರು. ಆಸ್ತಿಯ ದೊಡ್ಡ ಪಾಲು ಶಿಕ್ಷಣಕ್ಕೆ, ಆಸ್ಪತ್ರೆಗೆ, ಮ್ಯಾಂಚೆಸ್ಟರಿನ ಸಾರ್ವಜನಿಕ ಕೆಲಸಗಳಿಗೆ ಹೋಯ್ತು. ಅಲ್ಲಿನ ವಿಟ್ವರ್ತ್ ಆರ್ಟ್ ಗ್ಯಾಲರಿ ಈಗಲೂ ಇದೆ, ಸ್ಕಾಲರ್‌ಶಿಪ್ ಕೂಡ ನಡೀತಿದೆ.

ಅವರು ಸಾಯುವ ಎರಡು ವರ್ಷ ಮೊದಲು, 1885ರಲ್ಲಿ, ಕವೆಂಟ್ರಿಯಲ್ಲಿ ಜಾನ್ ಕೆಂಪ್ ಸ್ಟಾರ್ಲಿ ರೋವರ್ ಸೈಕಲ್ ತಂದರು. ಇವತ್ತಿನ ಸೈಕಲ್ಲಿನ ರೂಪ ಅದರದ್ದೇ. ಆಮೇಲೆ ಬ್ರಿಟಿಷ್ ಸೈಕಲ್ ಕಂಪನಿಗಳು ತಮ್ಮ ಥ್ರೆಡ್‌ಗೆ 55 ಬಿಟ್ಟು 60 ಡಿಗ್ರಿ ಹಿಡಿದವು. ಅಂದರೆ ನಮ್ಮ ಬಾಟಮ್ ಬ್ರಾಕೆಟ್‌ನ ಥ್ರೆಡ್ ವಿಟ್ವರ್ತ್ ಥ್ರೆಡ್ ಅಲ್ಲ. ಆದರೆ ಇಂಚಿಗೆ ಇಷ್ಟು, ಕೋನ ಇಷ್ಟು ಅಂತ ಬರೆದಿಟ್ಟು ಎಲ್ಲರೂ ಅದಕ್ಕೆ ಬದ್ಧರಾಗಿರೋ ಪದ್ಧತಿ ಅವರಿಂದ ಬಂದದ್ದು. ಅವರದ್ದೇ ಥ್ರೆಡ್ ನೋಡಬೇಕಾ? ಹಾರ್ಡ್‌ವೇರ್ ಅಂಗಡಿಗೆ ಹೋಗಿ ನಾಲ್ಕು ಸೂತಿನ ಬಿಎಸ್‌ಡಬ್ಲ್ಯೂ ಬೋಲ್ಟ್ ಕೇಳಿ. ಇಂಚಿಗೆ ಎಂಟು ಸೂತು, ನಾಲ್ಕು ಸೂತು ಅಂದರೆ ಅರ್ಧ ಇಂಚು. ಸ್ಕೇಲ್ ಇಟ್ಟು ಎಣಿಸಿದರೆ ಇಂಚಿಗೆ 12 ಥ್ರೆಡ್. 1841ರ ಪಟ್ಟಿ ನಿಮ್ಮ ಕೈಯಲ್ಲಿ.

ಈಗ ಟೂಲ್ ವಿಷಯ, ನಮ್ಮ ಹಾಗೆ ಬೆರಳು ಕೆತ್ತಿಸಿಕೊಳ್ಳೋದು ಬೇಡ. ಮೊದಲು ಸೈಕಲ್ ನೋಡಿ, ಆಮೇಲೆ ಟೂಲ್ ಕೊಳ್ಳಿ. ಕಾಟರ್ ಪಿನ್ ಇರೋ ಹಳೇ ಸೈಕಲ್ ಆದರೆ ಎಡಗಡೆಯ ಲಾಕ್ ರಿಂಗ್, ಕಪ್ ಬಿಚ್ಚಿ, ಗುಂಡು ತೊಳೆದು ಗ್ರೀಸ್ ಹಾಕಿದರೆ ಸಾಕು. ಬಲಗಡೆಯ ಕಪ್ಪು ಚೆನ್ನಾಗಿದ್ದರೆ ಮುಟ್ಟಬೇಡಿ. ಕಾರ್ಟ್ರಿಜ್ ಆದರೆ ಮೊದಲು ಕ್ರ್ಯಾಂಕ್ ಪುಲ್ಲರ್, ನಂತರ ಒಳಗಿನ ಹಲ್ಲು ಎಣಿಸಿ 20 ಹಲ್ಲಿನ ಟೂಲ್. ಬೇರಿಂಗ್ ಕಪ್ಪು ಫ್ರೇಮಿನ ಹೊರಗೆ ಕಾಣ್ತಿದ್ದರೆ ಅಂಚಿನ ಗಾಡಿ ಎಣಿಸಿ, ಸಾಮಾನ್ಯವಾಗಿ 16 ಇರುತ್ತೆ. ಅದಕ್ಕೆ ಸುತ್ತಲೂ ಹಿಡಿಯುವ ಸ್ಪ್ಯಾನರೇ ಬೇಕು. ಥ್ರೆಡ್ಡೇ ಇಲ್ಲದ ಪ್ರೆಸ್ ಫಿಟ್ ಆದರೆ ಶಾಪಿಗೇ ಹೋಗಿ. ಟೂಲ್ ಜಾರದ ಹಾಗೆ ಬೋಲ್ಟಿನಿಂದ ಬಿಗಿಯೋದು ಮರೀಬೇಡಿ. 1.37 ಇಂಚಿನ ಥ್ರೆಡ್ ಇದ್ದರೆ ಎರಡೂ ಕಡೆ ಬಿಚ್ಚುವಾಗ ಸ್ಪ್ಯಾನರಿನ ಮೇಲ್ತುದಿ ಮುಂದಿನ ಚಕ್ರದ ಕಡೆ ಹೋಗಬೇಕು.

ಹೊಸ ಬಾಟಮ್ ಬ್ರಾಕೆಟ್ ಹಾಕಿದ ಮೇಲೆ ಹಿರಿಯೂರಿನ ವಾಣಿವಿಲಾಸ ಸಾಗರದವರೆಗೂ ಹೋಗಿ ಬಂದ್ವಿ, ಸದ್ದಿಲ್ಲ. ಎರಡು ಹಲ್ಲು ಹೋದ ಹಳೇ ಕಾರ್ಟ್ರಿಜ್ ನಮ್ಮ ಟೇಬಲ್ ಮೇಲಿದೆ. ಟೂಲ್ ಕೂಡ ಅಲ್ಲೇ ಇದೆ, ಬೇಕಾದವರು ರೂಮಿಗೆ ಬಂದು ತಗೊಂಡು ಹೋಗಬಹುದು. ತಿರುಗಿಸೋ ದಿಕ್ಕನ್ನ ಅದರ ಮೇಲೆ ಮಾರ್ಕರ್‌ನಲ್ಲಿ ಬರೆದಿಟ್ಟಿದ್ದೀವಿ.